ಜಟಕಾದಲ್ಲಿ ಹೆಚ್ಚಿದ ಭಾರ

ಹೋದ ವಾರ ನಮ್ಮ ಮನೆಯ ಹಳೆಯ ಟ್ರಂಕುಗಳನ್ನು ಬಿಸಿಲಿಗೆ ತೆಗೆದರು. ಅಟ್ಟದಲ್ಲಿ ಇಲಿ ಸೇರಿಕೊಂಡಿದೆ ಎಂಬುದು ನೆಪ. ನನ್ನ ಸಾಮಾನುಗಳಲ್ಲಿ ಯಾವುದನ್ನು ಹೊರಗೆ ಸಾಗಹಾಕಬಹುದು ಎಂದು ನೋಡುವುದೇ ನನ್ನ ಹೆಂಡತಿಯ ನಿಜವಾದ ಉದ್ದೇಶ. ಅಂಥ ಹೊತ್ತಿನಲ್ಲಿ ನಾನು ಅಲ್ಲೇ ಒಂದು ಮಣೆ ಹಾಕಿಕೊಂಡು ಕಾವಲು ಕೂತುಬಿಡುತ್ತೇನೆ. ಎರಡನೆಯ ಟ್ರಂಕಿನ ತಳದಿಂದ ಒಂದು ಕರಿಯ ಆಲ್ಪಾಕಾ ಕೋಟು ಹೊರಬಂತು.

"ಇದನ್ನ ಪಾತ್ರೆಯವಳಿಗೆ ಹಾಕ್ಬಿಡ್ತೀನಿ. ಒಂದು ಸೌಟಾದ್ರೂ ಬರುತ್ತೆ" ಎಂದಳು.

"ಬೇಡ ಕಣೇ, ಇರಲಿ."

"ಇದ್ದು ಏನ್ ಮಾಡ್ಬೇಕು? ಇದರೊಳಗೆ ಈಗ ನಿಮ್ಮ ಒಂದು ತೋಳು ಹೋದ್ರೆ ಹೆಚ್ಚು."

ಮಾತು ನಿಜವೇ. ಆದರೂ ಕೋಟನ್ನು ಅವಳ ಕೈಯಿಂದ ಕಿತ್ತುಕೊಂಡು ತೊಡೆಯ ಮೇಲೆ ಹರಡಿದೆ. ಪಕ್ಕೆಯ ಹೊಲಿಗೆಯ ಹತ್ತಿರ ನೋಡಿದರೆ ಸೂಜಿಯ ತೂತುಗಳ ಮೂರು ಸಾಲು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವಿನ ಬಟ್ಟೆ ಮಿಕ್ಕಿದ್ದಕ್ಕಿಂತ ಕಪ್ಪಗೆ, ಹೊಸದರಂತೆ ಹೊಳೆಯುತ್ತಿದೆ. ನಾನು ಸಿಗರೇಟು ಬಿಟ್ಟ ವರ್ಷದಲ್ಲಿ ದರ್ಜಿ ಈ ಕೋಟನ್ನು ಎರಡು ಸಲ ಬಿಚ್ಚಿ ದೊಡ್ಡದು ಮಾಡಿದ. ಅದರ ನೆನಪು ಬಂದಿತೆಂದರೆ ಹಿಂದೆಯೇ ಮುನಿಯಪ್ಪನೂ ಅವನ ಕುದುರೆಯೂ ಬಂದೇ ಬರುತ್ತಾರೆ. ಅವರಿಬ್ಬರನ್ನೂ ಒಂದು ಸೌಟಿಗೆ ಕೊಟ್ಟುಬಿಡುವಷ್ಟು ಕೆಟ್ಟವನಲ್ಲ ನಾನು.

ಹೊಗೆಯ ಸಹವಾಸ ನನಗೆ ಬಂದದ್ದು ಬಲು ಹಿಂದೆ. ಪ್ಲೇಗಿನ ಗಲಾಟೆಯಲ್ಲಿ ನಮ್ಮ ತಂದೆ ಬಳೇಪೇಟೆಯ ಬಾಡಿಗೆ ಮನೆ ಬಿಟ್ಟು ಬಸವನಗುಡಿಯ ಹೊಸ ಬಡಾವಣೆಯಲ್ಲಿ ನಿವೇಶನ ಹಿಡಿದರು. ಆಗ ಅಲ್ಲಿ ಮನೆಗಿಂತ ಗೂಟಗಳೇ ಹೆಚ್ಚು. ರಸ್ತೆ ಎಂದು ಗೆರೆ ಎಳೆದ ಕಡೆಯೂ ಕಡಲೆಕಾಯಿ ಬೆಳೆಯುತ್ತಿತ್ತು. ನಮ್ಮ ಹಿತ್ತಿಲಿನ ಕುಂಬಳದ ಬಳ್ಳಿ ಒಣಗಿದರೆ ಅದರ ಕಾಂಡ ಒಳಗೆಲ್ಲ ಟೊಳ್ಳು. ಗೇಣುದ್ದ ಮುರಿದು ತುದಿಗೆ ಕೆಂಡ ತಾಗಿಸಿ ಎಳೆದರೆ ಸಾಕ್ಷಾತ್ ದೊಡ್ಡಮನುಷ್ಯರ ಹಾಗೆ ಹೊಗೆ ಬರುತ್ತದೆ ಎಂದು ಕಂಡುಹಿಡಿದವನು ನಾನೇ. ಎಳೆದೆ. ಕಣ್ಣಲ್ಲಿ, ಮೂಗಲ್ಲಿ ನೀರು ಸುರಿಯಿತು. ಕೆಮ್ಮು ಕೇಳಿ ಅಮ್ಮ ನೆಗಡಿಯೆಂದು ತಿಳಿದು ಮೆಣಸಿನ ಕಷಾಯ ಕಾಯಿಸಿ ಮೂರು ದಿನ ಕುಡಿಸಿದಳು. ಕಳ್ಳತನ ಹೊರಬೀಳದಿರಲಿ ಎಂದು ನಾನು ಮೂರು ದಿನವೂ ಕುಡಿದೆ. ಏಟು ತಿಂದಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು.

ಆ ಕಷಾಯದಿಂದ ಬುದ್ಧಿ ಬರಲಿಲ್ಲ. ಉಪ್ಪಾರಪೇಟೆಯ ಆಚೆಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಕುಂಬಳದ ಬಳ್ಳಿ ಹೋಗಿ ಸಿಗರೇಟು ಬಂತು. ನಮ್ಮ ತಂದೆಗೆ ಸಿಗರೇಟು ಕಂಡರೆ ಮೈಯೆಲ್ಲ ಉರಿ. ತಾವು ಮಾತ್ರ ಗಳಿಗೆಗೊಮ್ಮೆ ನಶ್ಯದ ಡಬ್ಬಿ ತೆಗೆದು ಮನೆಯ ಹಂಚು ಅಲುಗುವಂತೆ ಸೀನುತ್ತಿದ್ದರು. ಅದು ಆರೋಗ್ಯಕ್ಕೆ, ಇದು ಪೋಲಿತನಕ್ಕೆ ಎಂದು ಅವರ ವಾದ. ಮನೆಯಲ್ಲಿ ತಂದೆ, ಕಚೇರಿಯಲ್ಲಿ ಸಾಹೇಬರು. ಎರಡರ ನಡುವೆ ನಾನು ಗಂಡಸಾಗಿರಲು ಉಳಿದದ್ದು ಮುನಿಯಪ್ಪನ ಜಟಕಾ ಒಂದೇ. ಹೋಗುವಾಗ ಒಂದು, ಬರುವಾಗ ಎರಡು ಸಿಗರೇಟು ಅಲ್ಲಿ ಮುಗಿಸಿ, ಇಳಿಯುವ ಮೊದಲು ಬಾಯಿಗೆ ನಾಲ್ಕು ಲವಂಗ ಎಸೆದುಕೊಂಡರೆ ಮನೆಯೊಳಗೆ ನಾನು ಮತ್ತೆ ಒಳ್ಳೆಯ ಮಗ.

ಜಟಕಾವನ್ನು ಈಗಿನವರು ಮರೆತಿದ್ದಾರೆ, ಆದ್ದರಿಂದ ಸ್ವಲ್ಪ ಹೇಳಬೇಕು. ಎರಡೇ ಚಕ್ರ, ಮೇಲೆ ಕಮಾನು, ಕೆಳಗೆ ಹುಲ್ಲು ಹರಡಿ ಅದರ ಮೇಲೊಂದು ಜಮಖಾನ. ಸವಾರಿಯವರು ಹಿಂದಿನಿಂದ ಹತ್ತಿ ಒಳಗೆ ಚಕ್ಕಳಮಕ್ಕಳ ಹಾಕಿಕೊಳ್ಳಬೇಕು. ಗಾಡಿ ಹೊಡೆಯುವವನು ಮುಂದೆ, ಕುದುರೆಯ ಬಾಲಕ್ಕೆ ತಾಗುವ ಹಾಗೆ ಕೂರುತ್ತಾನೆ. ಗಾಡಿಯಿಂದ ಮುಂದಕ್ಕೆ ಚಾಚಿದ ಎರಡು ಮೂಕಿಮರಗಳು ಕುದುರೆಯ ಬೆನ್ನಿನ ದಿಂಬಿಗೆ ಬಿಗಿದಿರುತ್ತವೆ. ಒಳಗೆ ಕೂತವರ ಭಾರ ಮುಂದಕ್ಕಾದರೆ ಮೂಕಿ ಕುದುರೆಯ ಬೆನ್ನನ್ನು ಒತ್ತುತ್ತದೆ. ಹಿಂದಕ್ಕಾದರೆ ಮೂಕಿ ಮೇಲೆದ್ದು ಹೊಟ್ಟೆಯ ಪಟ್ಟಿ ಬಿಗಿಯುತ್ತದೆ. ಅದಕ್ಕೇ ಹೊರಡುವ ಮೊದಲು "ಸ್ವಾಮಿ ಒಸಿ ಮುಂದಕ್ ಬನ್ನಿ, ನೀವು ಹಿಂದಕ್ ಸರೀರಿ" ಎಂದು ನಮ್ಮನ್ನು ಆಚೀಚೆ ಜರುಗಿಸಿ, ಮೂಕಿಯನ್ನು ಕೈಯಲ್ಲಿ ಎತ್ತಿ ಭಾರ ನೋಡುವುದು ಜಟಕಾದವರ ಪದ್ಧತಿ. ಊರಿನ ಎಷ್ಟು ದೊಡ್ಡ ಮನುಷ್ಯನಾದರೂ ಜಟಕಾದಲ್ಲಿ ಒಂದು ಸಾಮಾನಿನ ಗಂಟೇ.

ನಾವು ದಿನಾ ಹೋಗುತ್ತಿದ್ದವರು ಮೂವರು. ನಾನು ಒಬ್ಬ. ತರಗುಪೇಟೆಯಲ್ಲಿ ಕಾಳುಕಡಿ, ಹುರಿಗಡಲೆಯ ಮಂಡಿ ಇಟ್ಟಿದ್ದ ಸಾಹುಕಾರ ಗುರುಸಿದ್ದಪ್ಪನವರು ಇನ್ನೊಬ್ಬರು: ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು, ಗಾಡಿ ತುಂಬ ಮೈ. ಮೂರನೆಯವರು ಲೆಕ್ಕದ ಮೇಷ್ಟ್ರು ನಾರಾಯಣರಾಯರು. ಗಾಳಿ ಜೋರಾಗಿ ಬೀಸಿದರೆ ರುಮಾಲಿಗಿಂತ ಮೊದಲು ಅವರನ್ನು ಹಿಡಿದುಕೊಳ್ಳಬೇಕು, ಅಷ್ಟು ಸಣಕಲು.

ಮುನಿಯಪ್ಪ ಚಾಮರಾಜಪೇಟೆಯವನು. ನಲವತ್ತರ ಆಸುಪಾಸು, ಒಣಗಿದ ಬೆತ್ತದಂತಹ ಮೈ, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಬೀಡಿ. ಅವನ ಕುದುರೆಯ ಹೆಸರು ರಂಗಿ. ಮಕ್ಕಳಿಲ್ಲದ ಮುನಿಯಪ್ಪನೂ ಅವನ ಹೆಂಡತಿ ನಂಜಮ್ಮನೂ ಅದನ್ನು ಮಗಳೆಂದೇ ಸಾಕಿದ್ದರು. ರಂಗಿಗೆ ಎರಡು ಅಭ್ಯಾಸ. ಸಂಜೆ ಬಸವನಗುಡಿಯ ಏರು ಶುರುವಾಗುವಲ್ಲಿ ಒಬ್ಬ ಅಜ್ಜಿಯ ಬೀಡಿ ಅಂಗಡಿ. ಅಲ್ಲಿ ತಾನಾಗಿಯೇ ನಿಲ್ಲುತ್ತಿತ್ತು. ಮುನಿಯಪ್ಪ ಇಳಿದು ಬೀಡಿ ಹಚ್ಚಿಕೊಂಡು ಮತ್ತೆ ಹತ್ತಿದರೇ ಹೊರಡುವುದು. ಇನ್ನೊಂದು, ಏರಿನ ನಡುವೆ ಒಂದು ಹೊಂಗೆಮರದ ಹತ್ತಿರ ನಿಲ್ಲುವುದು. ಆ ಹೊತ್ತಿಗೆ ಬೀಡಿ ಮುಗಿದು ಮುನಿಯಪ್ಪನಿಗೆ ಕೆಮ್ಮು ಬರುತ್ತಿತ್ತು, ಕೆಮ್ಮಿದಾಗ ಕೈಯಲ್ಲಿದ್ದ ಲಗಾಮು ಎಳೆದುಹೋಗುತ್ತಿತ್ತು. ದಿನಾ ಎಳೆದು ಎಳೆದು, ಕಡೆಕಡೆಗೆ ಲಗಾಮು ಎಳೆಯದಿದ್ದರೂ ರಂಗಿ ಆ ಮರದಡಿ ನಿಂತು ಯಜಮಾನನ ಕೆಮ್ಮು ಮುಗಿಯುವವರೆಗೆ ಕಾಯುವುದನ್ನು ಕಲಿತಿತ್ತು. ನಾವೂ ಕಲಿತೆವು. ಸಾಹುಕಾರರು ಆ ಹೊತ್ತಿಗೆ ಎಲೆಅಡಿಕೆ ಬಿಚ್ಚುತ್ತಿದ್ದರು, ನಾನು ಎರಡನೆಯ ಸಿಗರೇಟು ಹಚ್ಚುತ್ತಿದ್ದೆ.

ಒಂದು ಸಂಜೆ ಆ ಕೆಮ್ಮು ಮುಗಿಯಲೇ ಇಲ್ಲ. ಮುನಿಯಪ್ಪ ಲಗಾಮು ಬಿಟ್ಟು ಕೆಳಗಿಳಿದು ಮರಕ್ಕೆ ಒರಗಿದ. ನಾನು ಹೋಗಿ ಬೆನ್ನು ನೀವಿದೆ. ಉಗುಳಿದ್ದರಲ್ಲಿ ಎಳೆಯಷ್ಟು ಕೆಂಪು ಕಂಡಿತು. ನನ್ನ ಬೆರಳ ನಡುವೆ ಸಿಗರೇಟು ಉರಿಯುತ್ತಲೇ ಇತ್ತು. ಅದನ್ನು ಎಲ್ಲಿ ಎಸೆಯಬೇಕೋ ತಿಳಿಯದೆ ಬೆರಳು ಸುಟ್ಟುಕೊಂಡೆ.

ಮಾರನೆಯ ದಿನ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಇನ್ನೂ ಕ್ಷಯಕ್ಕೆ ತಿರುಗಿಲ್ಲ, ಆದರೆ ಬೀಡಿ ಬಿಡದಿದ್ದರೆ ಈ ಎದೆ ಹೆಚ್ಚು ದಿನ ಗಾಡಿ ಹೊಡೆಯಲಾರದು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಹೊರಗೆ ಬಂದು ರಂಗಿಯ ಕುತ್ತಿಗೆ ತಟ್ಟುತ್ತ ಮುನಿಯಪ್ಪ ಹೇಳಿದ:

"ಬಿಡ್ಬೋದು ಸ್ವಾಮಿ. ಆದ್ರೆ ನೀವು ಹಿಂದೆ ಕೂತು ಬುಸುಬುಸು ಬಿಡ್ತಾ ಇದ್ರೆ ಆ ವಾಸನೆಗೆ ನನ್ ಕೈ ನಿಲ್ಲಲ್ಲ. ನೀವ್ ಬಿಟ್ರೆ ನಾನ್ ಬಿಡ್ತೀನಿ."

ನನ್ನ ಸಿಗರೇಟಿಗೆ ಒಬ್ಬನ ಪ್ರಾಣ ತಗಲಿಕೊಂಡಿತು. "ಆಯ್ತು ಮುನಿಯಪ್ಪ, ಇವತ್ತಿಂದಲೇ" ಎಂದೆ. ಹೇಳುವಾಗ ಬಹಳ ದೊಡ್ಡ ಮನುಷ್ಯನಾದೆನೆಂದು ಎದೆಯುಬ್ಬಿತು. ಆ ಉಬ್ಬು ಸಂಜೆಯ ಹೊತ್ತಿಗೆ ಇಳಿಯಿತು.

ಬಿಟ್ಟವರಿಗೇ ಗೊತ್ತು ಅದರ ಫಜೀತಿ. ಕೈ ಸುಮ್ಮನೆ ಕೋಟಿನ ಜೇಬಿಗೆ ಹೋಗುತ್ತದೆ, ಬರಿದಾಗಿ ವಾಪಸು ಬರುತ್ತದೆ. ಸಾಹೇಬರು ಒಳ್ಳೆಯ ಮಾತಾಡಿದರೂ ಬೈದ ಹಾಗೆ ಕೇಳುತ್ತದೆ. ಹಸಿವೋ, ಹೊಸದಾಗಿ ಹುಟ್ಟಿದ ಹಾಗೆ. ಕಚೇರಿಯ ಹತ್ತಿರದ ಕಾಫಿ ಕ್ಲಬ್ಬಿನಲ್ಲಿ ದೋಸೆಯ ರುಚಿ ನಾಲಿಗೆಗೆ ಮೊದಲ ಸಲ ಸರಿಯಾಗಿ ಹತ್ತಿತು. ಒಂದು ಎಂದು ಹೋದವನು ಮೂರು ತಿಂದು ಬರುತ್ತಿದ್ದೆ. ಮನೆಯಲ್ಲಿ ಹುಳಿ ಬಡಿಸುವ ಸೌಟು ನನ್ನ ಎಲೆಯ ಮುಂದೆಯೇ ನಿಂತಿರುತ್ತಿತ್ತು.

ಮುನಿಯಪ್ಪನ ಪಾಡು ಇನ್ನೂ ತಮಾಷೆ. ಯಜಮಾನ ಬೀಡಿ ಬಿಟ್ಟರೂ ಕುದುರೆ ಬಿಡಲಿಲ್ಲ. ಮೊದಲ ಸಂಜೆ ಅಜ್ಜಿಯ ಅಂಗಡಿಯ ಮುಂದೆ ರಂಗಿ ಎಂದಿನಂತೆ ನಿಂತಿತು. "ಹೇ, ನಡಿಯಮ್ಮಾ" ಎಂದ, ಲಗಾಮು ಕುಲುಕಿದ. ಉಹುಂ. ಇಳಿದು ಹತ್ತದೆ ಅದು ಹೊರಡುವುದಿಲ್ಲವಲ್ಲ. ಇಳಿದ. ಇಳಿದ ಮೇಲೆ ಅಜ್ಜಿ ಮುಖ ನೋಡುತ್ತಾಳೆ, ಬರಿಗೈಯಲ್ಲಿ ಹತ್ತುವುದು ಹೇಗೆ? ಒಂದು ಪಾವು ಹುರಿದ ಕಡಲೆಕಾಯಿ, ಒಂದು ಅಚ್ಚು ಬೆಲ್ಲ ತೆಗೆದುಕೊಂಡ. ಬೆಲ್ಲದ ಮೂಲೆ ಮುರಿದು ರಂಗಿಯ ಬಾಯಿಗಿಟ್ಟು ಮಿಕ್ಕಿದ್ದನ್ನು ತಾನು ಜಗಿಯುತ್ತ ಏರು ಹತ್ತಿಸಿದ. ಮಾರನೆಯ ದಿನದಿಂದ ರಂಗಿ ಅಂಗಡಿ ಇನ್ನೂ ಹತ್ತು ಮಾರು ದೂರ ಇರುವಾಗಲೇ ಓಡತೊಡಗಿತು. ಹೊಗೆ ತುಂಬಿರುತ್ತಿದ್ದ ಜಟಕಾದಲ್ಲಿ ಈಗ ಕಡಲೆಕಾಯಿ ಸಿಪ್ಪೆ ತುಂಬಿತು.

ಆರು ತಿಂಗಳಲ್ಲಿ ನಾನು ಉಬ್ಬಿದೆ. ಅದು ಯಾರಿಗೂ ತಪ್ಪಾಗಿ ಕಾಣಲಿಲ್ಲ ನೋಡಿ, ಅದೇ ಆ ಕಾಲದ ವಿಶೇಷ. ಕಚೇರಿಯಲ್ಲಿ "ಏನ್ರೀ, ಬಡ್ತಿ ಬರೋ ಹಾಗಿದೆ" ಎಂದರು. ಹೆಂಡತಿಯ ತವರಿನವರು ಅಳಿಯಂದಿರ ಮುಖದಲ್ಲಿ ಕಳೆ ಬಂದಿದೆ ಎಂದರು. ಅಮ್ಮ ಎಲ್ಲವೂ ತಾನು ಕಾಯಿಸಿದ ತುಪ್ಪದ ಮಹಿಮೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಒಂದು ದಿನ ಮಾತ್ರ ಬಡಿಸುತ್ತ ಮೆಲ್ಲನೆ ಅಂದಳು: "ಈಚೆಗೆ ಲವಂಗದ ಡಬ್ಬಿ ಖಾಲೀನೇ ಆಗ್ತಿಲ್ಲ ಕಣೋ. ಒಳ್ಳೇದಾಯ್ತು." ಅಷ್ಟು ವರ್ಷ ನಾನು ಮುಚ್ಚಿಟ್ಟಿದ್ದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ತಲೆ ತಗ್ಗಿಸಿ ಇನ್ನೆರಡು ತುತ್ತು ಹೆಚ್ಚಾಗಿ ತಿಂದೆ. ಬಟ್ಟೆ ಇನ್ನು ಉಳಿದಿಲ್ಲ ಸ್ವಾಮಿ, ಮುಂದಿನ ಸಲ ಬೇರೆ ಕೋಟೇ ಹೊಲಿಸಿ ಎಂದು ದರ್ಜಿ ಎಚ್ಚರಿಕೆ ಕೊಟ್ಟ.

ಈ ನಡುವೆ ಜಟಕಾದಲ್ಲಿ ಏನೋ ಎಡವಟ್ಟಾಯಿತು. "ಭಾರ ಮುಂದಕ್ಕಾಗ್ತಾ ಇದೆ, ಒಸಿ ಹಿಂದಕ್ ಸರೀರಿ" ಎಂದು ಮುನಿಯಪ್ಪ ದಿನಾ ಹೇಳತೊಡಗಿದ. ಸರಿದೆವು. ವಾರ ಕಳೆದು ಮತ್ತೆ "ಇನ್ನೊಸಿ" ಎಂದ. ಮತ್ತೆ ಸರಿದೆವು. ನಾನು ಹಿಂದಿನ ಅಂಚಿಗೇ ಬಂದೆ. ಮೇಷ್ಟ್ರ ಎರಡು ಕಾಲೂ ಗಾಡಿಯ ಹೊರಗೆ ತೂಗಾಡತೊಡಗಿದವು. ಅವರ ಇಸ್ಕೂಲಿನ ಹುಡುಗರು ಎದುರಿಗೆ ಸಿಕ್ಕಿದರೆ ಅವರು ಕೊಡೆ ಬಿಚ್ಚಿ ಮುಖ ಮರೆಮಾಡಿಕೊಳ್ಳುತ್ತಿದ್ದರು. ಇಷ್ಟಾದರೂ ಒಂದು ದಿನ ದಿಂಬು ತೆಗೆದಾಗ ರಂಗಿಯ ಬೆನ್ನಿನ ಮೇಲೆ ಅಂಗೈಯಗಲ ಕೂದಲು ಹೋಗಿ ಚರ್ಮ ಕೆಂಪಾಗಿತ್ತು. ನಾಲ್ಕು ದಿನದಲ್ಲಿ ಅದು ಹುಣ್ಣಾಯಿತು.

ಮುನಿಯಪ್ಪ ಹುಚ್ಚನ ಹಾಗಾದ. ದಿಂಬು ಬದಲಾಯಿಸಿದ. ಕಂಬಳಿ ಮಡಿಸಿ ಕೆಳಗೆ ಹಾಸಿದ. ಚಕ್ರ ಸೊಟ್ಟಗಾಗಿದೆಯೆಂದು ಬಡಗಿಯ ಹತ್ತಿರ ಜಗಳ ತೆಗೆದ, ದೃಷ್ಟಿ ತಾಗಿದೆಯೆಂದು ಮೆಣಸಿನಕಾಯಿ ನಿವಾಳಿಸಿದ. ಕಡೆಗೆ ಒಂದು ಬೆಳಿಗ್ಗೆ ಸಾಹುಕಾರರ ಮಂಡಿಯ ಮುಂದೆ ಗಾಡಿ ನಿಲ್ಲಿಸಿ, ಕೆಳಗಿಳಿದು, ನಮ್ಮ ಮೂವರನ್ನೂ ಒಂದೇ ನೋಟದಲ್ಲಿ ನುಂಗಿದ.

"ನಿಮ್ಮಲ್ಲಿ ಯಾರೋ ದಪ್ಪ ಆಗಿದೀರಿ. ಯಾರು ಅಂತ ಗೊತ್ತಾಗ್ಬೇಕು. ಸಾವ್ಕಾರ್ರೇ, ನಿಮ್ ತಕ್ಕಡೀಲಿ ಎಲ್ರನ್ನೂ ಒಂದ್ಸಲ ತೂಗಿಬಿಡಿ."

ಮಂಡಿಯ ತಕ್ಕಡಿ ನೀವು ನೋಡಿರಬಹುದು, ತೊಲೆಯಿಂದ ಸರಪಣಿ ಇಳಿಬಿಟ್ಟ ದೊಡ್ಡ ಹಲಗೆಗಳು. ಸಾಹುಕಾರರಿಗೆ ಖುಷಿಯೋ ಖುಷಿ. "ಬನ್ನಿ ಬನ್ನಿ, ಬೆಲ್ಲ ಇಲ್ದೇನೇ ತುಲಾಭಾರ ಮಾಡಿಸ್ತೀನಿ" ಎಂದು ಒಂದು ಹುರಿಗಡಲೆ ಮೂಟೆಯನ್ನು ಆಚೆ ಹಲಗೆಗೆ ಹಾಕಿಸಿದರು. ಆ ಮೂಟೆಯನ್ನೇ ಹಾಕಿಸಿದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಮಂಡಿಯ ಕೂಲಿಯವರು ತಮಾಷೆಗೆ ಮುನಿಯಪ್ಪನನ್ನು ತಕ್ಕಡಿಯಲ್ಲಿ ಕೂರಿಸಿದ್ದರು. ಅವನು ಹುರಿಗಡಲೆ ಮೂಟೆಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಸಮನಾಗಿದ್ದ. ಆವತ್ತಿನಿಂದ ಮಂಡಿಯಲ್ಲಿ ಅವನ ಹೆಸರೇ ಹುರಿಗಡಲೆ.

ಮೇಷ್ಟ್ರು ಹತ್ತಿದರು. ಮೂಟೆ ಅಲುಗಲಿಲ್ಲ, ಮೇಷ್ಟ್ರೇ ಮೇಲೆ ತೇಲಿದರು. ಸಾಹುಕಾರರು ಹತ್ತಿ, "ನಾನು ಹುಟ್ಟಿದಾಗ್ಲಿಂದ್ಲೂ ಹಿಂಗೇ" ಎಂದು ಇಳಿದರು. ಅದು ಎಲ್ಲರೂ ಒಪ್ಪಿದ ಮಾತು. ನಾನು ಹತ್ತಿದೆ. ನನ್ನ ಹಲಗೆ ಧಡ್ಡೆಂದು ನೆಲಕ್ಕೆ ಬಡಿಯಿತು. ಕೂಲಿಯವರು ನಕ್ಕರು. ಮುನಿಯಪ್ಪ ನಗಲಿಲ್ಲ.

"ನೀವಾ ಸ್ವಾಮಿ" ಎಂದ. ಒಂದು ಮಗುವಿನ ಕೈ ತಿರುಚಿದವನನ್ನು ನೋಡುವ ಹಾಗೆ ನನ್ನನ್ನು ನೋಡಿದ. ನಾನು ಕೋಟಿನ ಗುಂಡಿಯನ್ನು ತಿರುವುತ್ತ ನಿಂತೆ.

ಆಗ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹುಡುಗರಿಗೆ ಹೇಳುವ ಹಾಗೆಯೇ ಹೇಳಿದರು: "ತಾಳಯ್ಯ. ಇವರು ಕೂರೋದು ಎಲ್ಲಿ? ಹಿಂದೆ. ಹಿಂದೆ ಭಾರ ಹೆಚ್ಚಿದ್ರೆ ಮೂಕಿ ಮೇಲಕ್ಕೆ ಏಳ್ಬೇಕು. ನಿನ್ನ ಮೂಕಿ ಕೆಳಕ್ಕೆ ಒತ್ತುತ್ತಾ ಇದೆ. ಅಂದ್ಮೇಲೆ ದಪ್ಪ ಆಗಿರೋರು ಮುಂದೆ ಕೂರೋರು. ಮುಂದೆ ಕೂರೋರು ಯಾರು?"

ಆರು ತಿಂಗಳು ನಮ್ಮೆಲ್ಲರನ್ನೂ ಹಿಂದೆ ಹಿಂದೆ ತಳ್ಳಿದ ಮನುಷ್ಯ ತನ್ನನ್ನು ಮಾತ್ರ ಭಾರವೆಂದು ಎಣಿಸಿಯೇ ಇರಲಿಲ್ಲ. ಜಟಕಾದವರೇ ಹಾಗೆ, ಅವರ ಲೆಕ್ಕದಲ್ಲಿ ತೂಕವಿರುವುದು ಸವಾರಿಗೆ ಮಾತ್ರ. ನಾವಾದರೂ ದಿನಾ ಅವನ ಬೆನ್ನನ್ನೇ ನೋಡುತ್ತ ಕೂತವರು. ಆ ಬೆನ್ನು ಅಗಲವಾದದ್ದು ನಮಗೂ ಕಂಡಿರಲಿಲ್ಲ. ಮುನಿಯಪ್ಪ ನಿಧಾನವಾಗಿ ಹೋಗಿ ಹಲಗೆಯ ಮೇಲೆ ಕೂತ. ಹುರಿಗಡಲೆ ಮೂಟೆ ಎದ್ದು ತೊಲೆಯ ಹತ್ತಿರ ತೂಗಾಡಿತು.

ಅವನು ಇಳಿಯಲಿಲ್ಲ. ಅಲ್ಲೇ ಕೂತು ಅಂಗೈಯಲ್ಲಿ ಮುಖ ಮುಚ್ಚಿಕೊಂಡ. "ಎಂಥಾ ಕೆಲ್ಸ ಮಾಡ್ಬಿಟ್ಟೆ. ನನ್ ಮಗೀನ್ ಬೆನ್ ಮೇಲೆ ನಾನೇ ಕೂತಿದ್ದೆ" ಎಂದ. ಸಾಹುಕಾರರ ನಗು ಆರಿಹೋಯಿತು. ಮುನಿಯಪ್ಪ ಎದ್ದು, ಏನೋ ನಿಶ್ಚಯ ಮಾಡಿದವನಂತೆ ಹೇಳಿದ: "ಬೀಡಿ ಇದ್ದಾಗ ಈ ಮೈ ಇರ್ಲಿಲ್ಲ. ಮತ್ತೆ ಹಿಡ್ಕೋತೀನಿ. ಎರಡ್ ತಿಂಗ್ಳಲ್ಲಿ ಮೊದ್ಲಿನಂಗಾಗ್ತೀನಿ."

"ಅಯ್ಯೋ ಮಾರಾಯ, ಕಡಲೆಕಾಯಿ ಬಿಡು, ಬೀಡಿ ಯಾಕೆ ಹಿಡೀತೀಯ?" ಎಂದೆ.

"ಎರಡೂ ಬಿಟ್ಟು ಇರೋಕೆ ನಾನೇನ್ ಸನ್ಯಾಸೀನಾ ಸ್ವಾಮಿ?"

ರಂಗಿಯನ್ನು ಗಾಡಿಯಿಂದ ಬಿಡಿಸಿ, ಗಾಡಿಯನ್ನು ಮಂಡಿಯ ಮುಂದೆಯೇ ಬಿಟ್ಟು, ಕುದುರೆಯನ್ನು ಕೈಹಿಡಿದು ನಡೆಸಿಕೊಂಡು ಹೋಗಿಬಿಟ್ಟ.

ಈಗ ಒಂದು ತಪ್ಪೊಪ್ಪಿಗೆ. ಆ ದಿನ ಕಚೇರಿಯಲ್ಲಿ ಕೂತು ನಾನು ಮುನಿಯಪ್ಪನಿಗಾಗಿ ಮರುಗಿದೆ, ನಿಜ. ಮರುಕದ ಅಡಿಯಲ್ಲಿ ಇನ್ನೊಂದು ಯೋಚನೆಯೂ ಮೆಲ್ಲನೆ ತಲೆಯೆತ್ತಿತ್ತು: ಅವನು ಸೇದಿದರೆ ನನ್ನ ಮಾತೂ ಮುಗಿಯಿತಲ್ಲ, ನನಗೂ ಬಿಡುಗಡೆ! ಸಂಜೆ ಪಕ್ಕದ ಮೇಜಿನವನ ಹತ್ತಿರ ಒಂದು ಸಿಗರೇಟು ಈಸಿಕೊಂಡು ಕೋಟಿನ ಒಳಜೇಬಿಗೆ ಇಳಿಸಿದೆ. ನಡೆದೇ ಮನೆಗೆ ಹೋದೆ. ದಾರಿಯುದ್ದಕ್ಕೂ ಜೇಬು ಮುಟ್ಟಿ ನೋಡಿಕೊಂಡೆ. ಹಚ್ಚಲಿಲ್ಲ. ಮರದಡಿಯ ಆ ಕೆಂಪು ಎಳೆ ಕಣ್ಣ ಮುಂದಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಬೆಳಗಾದ ಕೂಡಲೇ ಚಾಮರಾಜಪೇಟೆಗೆ ಹೋದೆ. ಒಂದು ಓಣಿಯ ಕೊನೆಯಲ್ಲಿ ಮುನಿಯಪ್ಪನ ಮನೆ, ಪಕ್ಕದಲ್ಲೇ ಲಾಯ. ನಂಜಮ್ಮ ರಂಗಿಯ ಹುಣ್ಣಿಗೆ ಅರಿಶಿನ, ಬೇವಿನೆಣ್ಣೆ ಹಚ್ಚುತ್ತಿದ್ದಳು. ಮುನಿಯಪ್ಪ ಗೋಡೆಗೊರಗಿ ಕೂತಿದ್ದ. ಕಿವಿಯ ಸಂದಿಯಲ್ಲಿ ಒಂದು ಬೀಡಿ.

ನಂಜಮ್ಮ ಸೆರಗು ಸರಿಮಾಡಿಕೊಂಡು, ಗಂಡನಿಗೆ ಕೇಳಲೆಂದೇ ನನಗೆ ಹೇಳಿದಳು: "ನೀವಾದ್ರೂ ಒಂದ್ ಮಾತ್ ಹೇಳಿ ಸ್ವಾಮಿ. ಮದ್ವೆ ಆದಾಗ್ಲಿಂದ ರಾತ್ರಿಯೆಲ್ಲ ಈವಯ್ಯನ ಕೆಮ್ಮು ಕೇಳ್ಕೊಂಡೇ ಮಲ್ಗಿದೀನಿ. ಅದು ನಿಂತಿತ್ತಲ್ಲ, ಮೊದಲ್ನೇ ದಿವ್ಸ ನಂಗೆ ಗಾಬರಿ ಆಗೋಯ್ತು. ಎದ್ದು ಮೂಗಿನ್ ಹತ್ರ ಕೈ ಇಟ್ಟು ನೋಡ್ದೆ, ಉಸಿರೈತಾ ಅಂತ. ರಂಗಿ ಬೆನ್ನು ನಾನ್ ವಾಸಿ ಮಾಡ್ತೀನಿ. ಇವ್ರ್ ಎದೆಗೆ ನಾನ್ ಎಲ್ಲಿಂದ ಎಣ್ಣೆ ತರ್ಲಿ?"

ಮುನಿಯಪ್ಪ ನೆಲ ನೋಡುತ್ತಿದ್ದವನು ತಲೆಯೆತ್ತಿ ನನ್ನನ್ನೇ ಕೇಳಿದ: "ನೀವು ಸೇದಿದ್ರಾ ಸ್ವಾಮಿ?"

ಸುಳ್ಳು ಹೇಳಬಹುದಿತ್ತು. ಜೇಬಿನಿಂದ ಸಿಗರೇಟು ತೆಗೆದು ತೋರಿಸಿದೆ. "ಇನ್ನೂ ಇಲ್ಲ" ಎಂದೆ. ಮುನಿಯಪ್ಪ ಕಿವಿಯಿಂದ ಬೀಡಿ ತೆಗೆದು, "ನಾನೂ ಇನ್ನೂ ಇಲ್ಲ" ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಳ್ಳರ ಹಾಗೆ ನಕ್ಕೆವು. ನಂಜಮ್ಮ ಎರಡನ್ನೂ ನಮ್ಮ ಕೈಯಿಂದ ತೆಗೆದುಕೊಂಡು ನೀರು ಕಾಯುತ್ತಿದ್ದ ಹಂಡೆಯ ಒಲೆಗೆ ಹಾಕಿದಳು. ಸ್ವಲ್ಪ ಹೊತ್ತು ಆ ಒಲೆಯ ಹತ್ತಿರವೇ ನಿಂತಿದ್ದೆವು. ವಾಸನೆಗೆ ನಿಂತೆವೆಂದು ನಾನು ಯಾರ ಮುಂದೆಯೂ ಒಪ್ಪಿಕೊಂಡಿಲ್ಲ.

ಹುಣ್ಣು ಮಾಯಲು ಮೂರು ವಾರ ರಂಗಿ ಲಾಯದಲ್ಲಿ ನಿಲ್ಲಬೇಕಾಯಿತು. ನಾವು ಬೇರೆ ಜಟಕಾ ಹಿಡಿಯುತ್ತೇವೆಂದು ನಾನು ತಿಳಿದಿದ್ದೆ. ಮಾರನೆಯ ಬೆಳಿಗ್ಗೆ ನೋಡಿದರೆ ನಮ್ಮ ಜಗಲಿಯ ಮೇಲೆ ಮುನಿಯಪ್ಪ ಕೂತಿದ್ದಾನೆ, ಕೈಯಲ್ಲಿ ಚಾವಟಿ. ಚಾಮರಾಜಪೇಟೆಯಿಂದ ಏರು ಹತ್ತಿ ಬಂದದ್ದಕ್ಕೆ ಏದುಸಿರು, ಮಾತು ಹೊರಡುತ್ತಿಲ್ಲ. ಅಮ್ಮ ಒಂದು ಚೊಂಬು ನೀರು ಕೊಟ್ಟಳು. ಕುಡಿದು, "ಹೊರಡಿ ಸ್ವಾಮಿ" ಎಂದ.

"ಗಾಡಿ?"

"ಗಾಡಿ ಇಲ್ಲ. ನಡೆಯೋದು. ಮನೇಲಿ ಕೂತ್ರೆ ನನ್ ಕೈ ಸುಮ್ನಿರಲ್ಲ. ಸವಾರಿ ಹೋಗೋ ಹೊತ್ತಿಗೆ ಸವಾರಿ ಹೋಗ್ಬೇಕು."

ಹೀಗೆ ಮೂರು ವಾರ ನಾವು ಜಟಕಾ ಇಲ್ಲದ ಜಟಕಾದಲ್ಲಿ ಕಚೇರಿಗೆ ಹೋದೆವು. ಮುಂದೆ ಚಾವಟಿ ಹಿಡಿದ ಮುನಿಯಪ್ಪ, ಹಿಂದೆ ಕೋಟು, ರುಮಾಲು ತೊಟ್ಟ ಮೂರು ಜನ ಗೃಹಸ್ಥರು. "ಎಡಕ್ ಬನ್ನಿ ಸ್ವಾಮಿ, ಎತ್ತಿನ ಗಾಡಿ ಬತ್ತಾ ಇದೆ" ಎಂದು ಅಭ್ಯಾಸಬಲದಿಂದ ಕೂಗುತ್ತಿದ್ದ. ಚಾಮರಾಜಪೇಟೆಯಲ್ಲಿ ಯಾರೋ "ಕುದುರೆ ಎಲ್ಲಯ್ಯ ಮುನಿಯಪ್ಪ?" ಎಂದು ಕೇಳಿದ್ದಕ್ಕೆ, ಹಿಂತಿರುಗಿಯೂ ನೋಡದೆ, "ಹಿಂದೆ ಬರ್ತಾ ಇದಾವಲ್ಲ ಮೂರು" ಎಂದ. ಸಾಹುಕಾರರು ತರಗುಪೇಟೆ ಮುಟ್ಟುವವರೆಗೂ ನಕ್ಕರು. ಮೇಷ್ಟ್ರು ಕೊಡೆ ಬಿಚ್ಚಲಿಲ್ಲ, ನೆಲದ ಮೇಲೆ ಕಾಲಿಟ್ಟು ನಡೆಯುವುದೇ ಅವರಿಗೆ ಗೌರವವಾಗಿತ್ತು. ಮೊದಲ ವಾರ ನನ್ನ ತೊಡೆ ಕಲ್ಲಾಯಿತು. ಎರಡನೆಯ ವಾರ ಬೆಳಿಗ್ಗೆ ಮುನಿಯಪ್ಪ ನೀರು ಕೇಳುವ ಮೊದಲೇ ಅಮ್ಮನ ಹತ್ತಿರ ಯೋಗಕ್ಷೇಮ ಮಾತಾಡುತ್ತಿದ್ದ. ಮೂರನೆಯ ವಾರ ಬೀದಿಯ ತಿರುವಿನಿಂದಲೇ "ಸ್ವಾಮಿ, ಹೊತ್ತಾಯ್ತು" ಎಂದು ಕೂಗುವ ಅವನ ದನಿ ಕೇಳಿಸಿತು. ನಾನು ಸ್ನಾನದ ಮನೆಯಲ್ಲಿದ್ದವನು ಕೈಯಲ್ಲಿನ ಚೊಂಬು ಹಾಗೇ ಹಿಡಿದು ನಿಂತೆ. ಅಷ್ಟು ದೊಡ್ಡ ದನಿ ಅವನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಕೋಟನ್ನು ದರ್ಜಿ ನಡುವಿನ ಸಾಲಿಗೆ ತಂದು ಮತ್ತೆ ಹೊಲಿದ. ಮೊದಲಿನ ಸಾಲಿಗೆ ನಾನು ಎಂದೂ ವಾಪಸು ಹೋಗಲಿಲ್ಲ, ಮುನಿಯಪ್ಪನೂ ಹುರಿಗಡಲೆ ಮೂಟೆಗೆ ಮತ್ತೆ ಸಮನಾಗಲಿಲ್ಲ. ಅದಕ್ಕೆ ಇಬ್ಬರಿಗೂ ಬೇಸರವಿರಲಿಲ್ಲ. ಅವನು ಆಮೇಲೆ ಎಷ್ಟೋ ವರ್ಷ ಗಾಡಿ ಹೊಡೆದ. ಆದರೆ ಹೊಸ ಕಟ್ಟಳೆಯೊಂದು ಬಂತು. ಸಂಜೆ ಏರಿನ ಬುಡದಲ್ಲಿ ಅಜ್ಜಿಯ ಅಂಗಡಿಯ ಮುಂದೆ ರಂಗಿ ನಿಂತ ಕೂಡಲೆ ನಾಲ್ವರೂ ಇಳಿಯಬೇಕು. ರಂಗಿಗೆ ಮಾತ್ರ ಒಂದು ಚೂರು ಬೆಲ್ಲ. ಅಲ್ಲಿಂದ ಮೇಲಿನವರೆಗೆ ಖಾಲಿ ಗಾಡಿ, ಪಕ್ಕದಲ್ಲಿ ನಮ್ಮ ನಡಿಗೆ.

ಆ ಕಟ್ಟಳೆಯ ಮೊದಲ ಸಂಜೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮೂರು ವಾರದ ಮೇಲೆ ರಂಗಿಯನ್ನು ಗಾಡಿಗೆ ಕಟ್ಟಿದ್ದ. ನಡೆದ ದಿನಗಳಲ್ಲಿ ಸಂಜೆ ಅವನು ಚಾಮರಾಜಪೇಟೆಯಲ್ಲೇ ಉಳಿಯುತ್ತಿದ್ದರಿಂದ ಈ ಏರನ್ನು ನಮ್ಮ ಜೊತೆ ಹತ್ತಿರಲಿಲ್ಲ. ಬೀಡಿ ಬಿಟ್ಟ ಮೇಲೂ ಹೊಂಗೆಮರದ ಹತ್ತಿರದ ಕೆಮ್ಮು ಪೂರ್ತಿ ಹೋಗಿರಲಿಲ್ಲ. ಕೂತು ಬರುವಾಗಲೇ ಒಂದೆರಡು ಸಲವಾದರೂ ಕೆಮ್ಮುತ್ತಿದ್ದ. ಈಗಲಾದರೋ ಲಗಾಮು ಹಿಡಿದು ಕುದುರೆಯ ಪಕ್ಕ ನಡೆಯುತ್ತಿದ್ದಾನೆ. ಮರ ಬಂತು. ಯಾರೂ ಲಗಾಮು ಎಳೆಯಲಿಲ್ಲ. ರಂಗಿ ತಾನೇ ನಿಂತಿತು. ಕಿವಿಯನ್ನು ಹಿಂದಕ್ಕೆ ಮಡಚಿ, ತಲೆ ತಗ್ಗಿಸಿ, ಎಷ್ಟೋ ವರ್ಷದಿಂದ ಕಾದ ಹಾಗೆ ಕಾಯತೊಡಗಿತು. ಸಾಹುಕಾರರ ಕೈ ಎಲೆಅಡಿಕೆಯ ಚೀಲದ ಮೇಲೆಯೇ ನಿಂತಿತು. ಮುನಿಯಪ್ಪ ಉಸಿರು ಒಳಗೆಳೆದ, ಹೊರಗೆ ಬಿಟ್ಟ. ಮತ್ತೊಮ್ಮೆ ಎಳೆದ. ನಾವೂ ಅವನ ಜೊತೆಗೇ ಉಸಿರು ಹಿಡಿದಿದ್ದೆವು. ಕೆಮ್ಮು ಬರಲಿಲ್ಲ. ರಂಗಿ ಇನ್ನೂ ಕಾಯುತ್ತಲೇ ಇತ್ತು.

ಮುನಿಯಪ್ಪ ಅದರ ಕುತ್ತಿಗೆಗೆ ಕೆನ್ನೆಯಿಟ್ಟು, ಕಣ್ಣೊರೆಸಿಕೊಂಡು ಹೇಳಿದ: "ಇವತ್ತಿಲ್ಲ ಕಣಮ್ಮಾ. ನಡಿ, ಹೋಗಾನ."